ಕೂಸಿನ ಪಕ್ಕದಲ್ಲಿ ಬಾಣಂತಿಗೊಂದು ಮಂಚ

ಅವಧಿಗೆ ಮುನ್ನ ಹುಟ್ಟಿದ, ತೂಕ ಸಾಲದ, ಉಸಿರಿಗೆ ಕಷ್ಟಪಡುವ ಕೂಸುಗಳನ್ನು ಜಿಲ್ಲಾಸ್ಪತ್ರೆಗಳ ನವಜಾತ ಶಿಶು ವಿಶೇಷ ಆರೈಕೆ ಘಟಕಕ್ಕೆ ಸೇರಿಸುತ್ತಾರೆ. ಬಹುಕಾಲ ಇಲ್ಲಿ ಹೆತ್ತವರು ಬಾಗಿಲಾಚೆಯವರೇ. ಸೋಂಕು ತಗಲೀತೆಂಬ ಭಯ. ಬಾಣಂತಿ ಬೇರೆ ವಾರ್ಡಿನಲ್ಲಿ ಎದೆ ಬಿಗಿದು ನರಳುತ್ತಿದ್ದಳು. ಅಪ್ಪ ಔಷಧಿ ಚೀಟಿಗಾಗಿ ಹೊರಗೆ ಕಾಯುತ್ತಿದ್ದ.

ಆ ಭಯ ಎಷ್ಟು ನಿಜ? ದೆಹಲಿಯ ರಾಮ ಮನೋಹರ ಲೋಹಿಯಾ ಆಸ್ಪತ್ರೆಯ ವೈದ್ಯರು ಹೆತ್ತವರಿಗೆ ತರಬೇತಿ ಕೊಟ್ಟು ಒಳಗೆ ಬಿಟ್ಟು ನೋಡಿದರು. ಸೋಂಕು ಹೆಚ್ಚಲಿಲ್ಲ. ಬರೀ ತಾಯಿಹಾಲು ಕುಡಿಯುವ ಕೂಸುಗಳು ಹೆಚ್ಚಿದವು. 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದಕ್ಕೆ ಮಾರ್ಗಸೂಚಿಯನ್ನೇ ಹೊರಡಿಸಿತು.

ಬಳೆ, ಉಂಗುರ ತೆಗೆದಿಟ್ಟು ಮೊಳಕೈವರೆಗೆ ಸೋಪು ಹಚ್ಚಿ ತೊಳೆಯುವುದು ಮೊದಲ ಪಾಠ. ಆಮೇಲೆ ಒದ್ದೆಬಟ್ಟೆ ಬದಲಿಸುವುದು, ಹಿಂಡಿದ ಹಾಲನ್ನು ನಮ್ಮ ಅಜ್ಜಿಯರ ಒಳಲೆಯಂಥ ಪುಟ್ಟ ಬಟ್ಟಲಲ್ಲಿ ತೊಟ್ಟುತೊಟ್ಟಾಗಿ ಕುಡಿಸುವುದು, ಮೈ ತಣ್ಣಗಾಯಿತೇ, ಪಕ್ಕೆ ಒಳಸೇದುತ್ತಿದೆಯೇ ಎಂದು ಗಮನಿಸುವುದು. ಸೂಜಿ, ಆಮ್ಲಜನಕ ಎಲ್ಲ ಸಿಸ್ಟರುಗಳದೇ ಕೆಲಸ. ಅದನ್ನು ಹೆತ್ತವರ ತಲೆಗೆ ಕಟ್ಟುವಂತಿಲ್ಲ.

ಕಾಂಗರೂ ಆರೈಕೆಯೂ ಹೆತ್ತವರ ಈ ಪಾಠಗಳೊಳಗೇ ಬರುತ್ತದೆ. ಕೂಸನ್ನು ಬರಿಮೈಯಲ್ಲಿ ಎದೆಗವಚಿ ಬಟ್ಟೆ ಸುತ್ತಿಕೊಳ್ಳುವ ಈ ಕ್ರಮ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯೊಂದರಲ್ಲಿ ಶುರುವಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಸರ್ಕಾರಿ ಆಸ್ಪತ್ರೆಗಳ ಜೊತೆ ಸೇರಿ ಇದನ್ನು ಬೇರೂರಿಸಲು ದುಡಿದಿದ್ದಾರೆ. ಅಮ್ಮ ಸುಸ್ತಾದರೆ ಅಪ್ಪ, ಅಜ್ಜಿ ಯಾರಾದರೂ ಎದೆಗೊಡಬಹುದು.

ಮೊದಲೆಲ್ಲ ಕೂಸು ಚೇತರಿಸಿಕೊಂಡ ಮೇಲಷ್ಟೇ ಇದಕ್ಕೆ ಅವಕಾಶ. ವಿಶ್ವ ಆರೋಗ್ಯ ಸಂಸ್ಥೆಯು ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ, ಒಂದರಿಂದ 1.8 ಕಿಲೋವರೆಗಿನ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಕೊಟ್ಟು ನೋಡಿತು. 2021ರಲ್ಲಿ ಫಲಿತಾಂಶ ಬಂತು: ಮೊದಲ 28 ದಿನಗಳ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿದಿತ್ತು. ಇದಕ್ಕಾಗಿ ತೀವ್ರ ನಿಗಾ ಘಟಕದೊಳಗೇ ತಾಯಿಗೆ ಮಂಚ ಹಾಕಿದ್ದರು.

ನನಗೆ ಮುಖ್ಯವೆನಿಸುವುದು ಆ ಮಂಚ. ಹೊಟ್ಟೆ ಕೊಯ್ಸಿಕೊಂಡ ಬಾಣಂತಿಯನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ, ಕೂಸನ್ನು ಎಂಟು ತಾಸು ಅಪ್ಪಿಕೊಂಡಿರು ಎಂದರೆ ಹೇಗೆ ಸಾಧ್ಯ? ಬಿಸಿ ಊಟ, ಹತ್ತಿರದಲ್ಲೇ ಶೌಚಾಲಯ, ರಾತ್ರಿ ಅವಳನ್ನೂ ನೋಡುವ ಸಿಸ್ಟರು ಬೇಕು. ಯಂತ್ರಗಳ ಖರೀದಿಗೆ ಬರೆಯುವ ಪಟ್ಟಿಯಲ್ಲೇ ಇವಕ್ಕೂ ಹಣ ತೆಗೆದಿಡಬೇಕು.