ವರ್ಷಾಂತ್ಯದಲ್ಲಿ ಉಪಾಧ್ಯಾಯನ ದಣಿವು

ತುಂಬಿದ ಕೊಡವೊಂದನ್ನು ಕೈಯಲ್ಲಿ ಹಿಡಿದು ಅಲುಗಾಡದೆ ನಿಂತಿರುವ ಮನುಷ್ಯನು ಎಷ್ಟು ಕೆಲಸವನ್ನು ಮಾಡುತ್ತಿರುವನು? ಭೌತಶಾಸ್ತ್ರದ ಉತ್ತರ: ಸೊನ್ನೆ. ಬಲವನ್ನು, ಆ ಬಲದ ದಿಕ್ಕಿನಲ್ಲಿ ವಸ್ತುವು ಚಲಿಸಿದ ದೂರದಿಂದ ಗುಣಿಸಿದರೆ ಬರುವುದೇ ಕೆಲಸವೆಂಬುದನ್ನು ವಾಚಕರು ಬಲ್ಲರು. ಹತ್ತು ಕಿಲೋಗ್ರಾಂ ಕೊಡವನ್ನು ನೆಲದಿಂದ ಒಂದು ಮೀಟರು ಮೇಲಕ್ಕೆತ್ತುವಾಗ ಸುಮಾರು 98 ಜೂಲುಗಳಷ್ಟು ಕೆಲಸ ನಡೆಯುತ್ತದೆ. ಎತ್ತಿ ಹಿಡಿದು ನಿಂತ ಮೇಲೆ ಚಲಿಸಿದ ದೂರವೇ ಇಲ್ಲದುದರಿಂದ ಕೆಲಸವೂ ಇಲ್ಲ.

ಕೆಲವು ವರ್ಷಗಳ ಹಿಂದೆ, ಫೆಬ್ರವರಿ ತಿಂಗಳಿನಲ್ಲಿ ಪಾಠಗಳ ಪುನರಾವರ್ತನೆ ನಡೆಯುತ್ತಿದ್ದ ಒಂದು ಮಧ್ಯಾಹ್ನ, ನಾನು ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, “ಸಾರ್, ಕೆಲಸವೇ ಇಲ್ಲವೆಂದ ಮೇಲೆ ಅವನ ಕೈ ಏಕೆ ಸೋಲುತ್ತದೆ?” ಎಂದು ಕೇಳಿದನು. ಅಂದು ಅದೇ ಪಾಠವನ್ನು ನಾನು ಮೂರನೆಯ ಸಲ ಹೇಳುತ್ತಿದ್ದೆ. “ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ” ಎಂದುಬಿಟ್ಟೆ. ಅವನು ಕುಳಿತನು. ಜೂನ್ ತಿಂಗಳಾಗಿದ್ದರೆ ಆ ಪ್ರಶ್ನೆಗಾಗಿ ಅವನನ್ನು ಮೆಚ್ಚಿಕೊಳ್ಳುತ್ತಿದ್ದೆನೆಂಬುದು ಸಂಜೆ ಮನೆಗೆ ಹೋಗುವಾಗ ನೆನಪಿಗೆ ಬಂದು ನಾಚಿಕೆಯಾಯಿತು. ಉತ್ತರವು ನನಗೆ ತಿಳಿದಿತ್ತು. ಹೇಳುವ ಮನಸ್ಸು ಮಾತ್ರ ಇರಲಿಲ್ಲ. ಜೂನಿನಲ್ಲಿದ್ದ ಆ ಉತ್ಸಾಹವು ಫೆಬ್ರವರಿಯ ವೇಳೆಗೆ ಎಲ್ಲಿ ಹೋಗುತ್ತದೆ?

ಮೊದಲು ಹುಡುಗನ ಪ್ರಶ್ನೆಯನ್ನೇ ನೋಡೋಣ. ಕೊಡವನ್ನು ಮೇಜಿನ ಮೇಲಿಟ್ಟರೆ ಮೇಜು ದಣಿಯುವುದಿಲ್ಲ. ಆದರೆ ನಮ್ಮ ಸ್ನಾಯುವು ಮೇಜಿನಂಥದಲ್ಲ. ಅದರೊಳಗೆ ಮಯೋಸಿನ್ ಮತ್ತು ಆ್ಯಕ್ಟಿನ್ ಎಂಬ ಪ್ರೋಟೀನುಗಳ ಸೂಕ್ಷ್ಮ ತಂತುಗಳಿವೆ. ಭಾರವನ್ನು ಹಿಡಿದಿರುವಷ್ಟು ಕಾಲವೂ ಮಯೋಸಿನ್ ತಂತುವಿನ ಕೊಕ್ಕೆಗಳು ಆ್ಯಕ್ಟಿನ್ನನ್ನು ಹಿಡಿಯುತ್ತ, ಬಿಡುತ್ತ, ಮತ್ತೆ ಹಿಡಿಯುತ್ತ ಇರುತ್ತವೆ. ಹೀಗೆ ಪ್ರತಿಯೊಂದು ಬಾರಿಯೂ ರಾಸಾಯನಿಕ ಶಕ್ತಿಯು ಖರ್ಚಾಗಿ ಉಷ್ಣವಾಗಿ ಪರಿಣಮಿಸುತ್ತದೆ. ಹೊರಗೆ ಕೆಲಸ ಕಾಣದಿದ್ದರೂ ಒಳಗೆ ವೆಚ್ಚ ನಡೆದೇ ಇರುತ್ತದೆ.

ಉಪಾಧ್ಯಾಯನ ದಣಿವೂ ಹೊರಗೆ ಕಾಣುವಂಥದಲ್ಲ. ಆದರೂ ಅದನ್ನು ಅಳೆದವರುಂಟು. ಇಟಲಿಯ ಟ್ಯೂರಿನ್ ನಗರದ ಶರೀರಶಾಸ್ತ್ರಜ್ಞನಾದ ಆಂಜೆಲೊ ಮೊಸ್ಸೋ ಎಂಬಾತನು ಎರ್ಗೋಗ್ರಾಫ್ ಎಂಬ ಯಂತ್ರವನ್ನು ರಚಿಸಿದನು. ಕೈಯನ್ನು ಕದಲದಂತೆ ಬಿಗಿದು, ನಡುಬೆರಳಿಗೆ ದಾರ ಕಟ್ಟಿ, ಆ ದಾರದ ತುದಿಯಲ್ಲಿ ಕೆಲವು ಕಿಲೋಗ್ರಾಂ ತೂಕವನ್ನು ತೂಗುಬಿಡುವರು. ಬೆರಳು ಮತ್ತೆ ಮತ್ತೆ ತೂಕವನ್ನು ಎಳೆದಂತೆ, ಪ್ರತಿಯೊಂದು ಎಳೆತದ ಎತ್ತರವೂ ಕಾಗದದ ಮೇಲೆ ಗೆರೆಯಾಗಿ ಮೂಡುತ್ತದೆ. ದಣಿವು ಹೆಚ್ಚಿದಂತೆ ಗೆರೆಗಳು ಗಿಡ್ಡವಾಗುತ್ತವೆ. ಮೊಸ್ಸೋ 1891ರಲ್ಲಿ ದಣಿವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ತನ್ನ ಸಹೋದ್ಯೋಗಿ ಮಾಜ್ಜೋರಾನ ಗೆರೆಗಳನ್ನು ಕೊಟ್ಟಿರುವನು. ಮಾಜ್ಜೋರಾ ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆಯನ್ನು ನಡೆಸುವ ಮೊದಲು ಒಮ್ಮೆ, ನಡೆಸಿದ ಮೇಲೆ ಒಮ್ಮೆ ಬೆರಳೆಳೆದನು. ಪರೀಕ್ಷೆಯಲ್ಲಿ ಅವನ ಬೆರಳು ಯಾವ ಭಾರವನ್ನೂ ಎತ್ತಿರಲಿಲ್ಲ. ಆದರೂ ಅನಂತರದ ಗೆರೆಗಳು ಬಹಳ ಬೇಗ ಕುಗ್ಗಿಹೋದುವು!

ಹಾಗಾದರೆ ಮಿದುಳಿನ ಶಕ್ತಿಯು ಬರಿದಾಯಿತೆನ್ನೋಣವೆ? ಲೆಕ್ಕ ಹಾಗೆ ಹೇಳುವುದಿಲ್ಲ. ದೇಹದ ತೂಕದಲ್ಲಿ ಶೇಕಡ 2ರಷ್ಟಿರುವ ಮಿದುಳು, ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಸುಮಾರು ಶೇಕಡ 20ನ್ನು ಬಳಸುತ್ತದೆ. ಅಂದರೆ ಸುಮಾರು 20 ವಾಟು, ಒಂದು ಸಣ್ಣ ದೀಪದಷ್ಟು. ಕಠಿನವಾದ ಲೆಕ್ಕವನ್ನು ಬಿಡಿಸುವಾಗಲೂ ಈ ಮೊತ್ತವು ಅತ್ಯಲ್ಪವಾಗಿ ಮಾತ್ರ ಏರುತ್ತದೆ. ಬದಲಾಗುವುದು ಬೇರೊಂದು. 2009ರಲ್ಲಿ ಸಾಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರು, 90 ನಿಮಿಷಗಳ ಬೌದ್ಧಿಕ ಶ್ರಮದ ಬಳಿಕ ಜನರಿಂದ ಸೈಕಲ್ ತುಳಿಸಿ ನೋಡಿದರು. ಹೃದಯ ಶ್ವಾಸಕೋಶಗಳ ಕ್ರಿಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೂ ಅವರು ಶೇಕಡ 15ರಷ್ಟು ಬೇಗ ಸೋತರು, ಏಕೆಂದರೆ ಅದೇ ತುಳಿತವು ಅವರಿಗೆ ಹೆಚ್ಚು ಪ್ರಯಾಸವೆಂದು ತೋರಿತು. 2022ರಲ್ಲಿ ಪ್ಯಾರಿಸಿನ ಸಂಶೋಧಕರು, ಆರು ಗಂಟೆಗೂ ಮಿಕ್ಕ ಕಠಿನ ಬೌದ್ಧಿಕ ಕೆಲಸದ ನಂತರ ಮಿದುಳಿನ ಮುಂಭಾಗದಲ್ಲಿ ಗ್ಲುಟಮೇಟ್ ಎಂಬ ವಸ್ತುವು ಹೆಚ್ಚಿರುವುದನ್ನು ಕಂಡರು. ಹೀಗೆ ದಣಿದವರು ಬೇಗ ದೊರೆಯುವ, ಶ್ರಮವಿಲ್ಲದ ಫಲವನ್ನೇ ಆರಿಸಿಕೊಳ್ಳುತ್ತಿದ್ದರು. “ಕುಳಿತುಕೋ” ಎಂಬ ನನ್ನ ಮಾತೂ ಅಂಥ ಒಂದು ಸುಲಭವಾದ ಆಯ್ಕೆಯೇ ಅಲ್ಲವೆ?

ಇವೆಲ್ಲವೂ ಕೆಲವು ಗಂಟೆಗಳ ದಣಿವನ್ನು ಕುರಿತ ಪ್ರಯೋಗಗಳು. ಹತ್ತು ತಿಂಗಳ ದಣಿವಿನಲ್ಲಿ ಇನ್ನೊಂದು ಅಂಶವೂ ಸೇರುತ್ತದೆ. ಗುರಿಯು ಹತ್ತಿರವಾದಂತೆ ಪ್ರಾಣಿಗಳ ವೇಗವು ಹೆಚ್ಚುತ್ತದೆಂದು 1930ರ ದಶಕದಲ್ಲಿ ಅಮೆರಿಕದ ಕ್ಲಾರ್ಕ್ ಹಲ್ ಎಂಬ ಮನಶ್ಶಾಸ್ತ್ರಜ್ಞನು ತೋರಿಸಿದನು. ಆಹಾರವಿದ್ದ ತುದಿಯನ್ನು ಸಮೀಪಿಸಿದಂತೆ ಅವನ ಇಲಿಗಳು ಚುರುಕಾಗಿ ಓಡುತ್ತಿದ್ದುವು. ಪರೀಕ್ಷೆ ಹತ್ತಿರವಾದಂತೆ ವಿದ್ಯಾರ್ಥಿಗಳು ಚುರುಕಾಗುವುದೂ ಹೀಗೆಯೇ. ಆದರೆ ಉಪಾಧ್ಯಾಯನಿಗೆ ಆ ಗುರಿ ಎಲ್ಲಿದೆ? ಈ ವರ್ಷದ ಪರೀಕ್ಷೆ ಮುಗಿದರೆ ಜೂನಿನಲ್ಲಿ ಅದೇ ಮೊದಲನೆಯ ಪಾಠ. ತನ್ನ ಬೋಧನೆಯ ನಿಜವಾದ ಫಲವನ್ನು ಅವನು ಕಾಣದೆಯೂ ಹೋಗಬಹುದು.

ಹಾಗಿದ್ದರೆ ಪರಿಹಾರವೇನು? ಮೊದಲನೆಯದು ನಿದ್ರೆ ಮತ್ತು ವಿಶ್ರಾಂತಿ. ಉತ್ತರಪತ್ರಿಕೆಗಳ ಕಟ್ಟನ್ನು ನಡುರಾತ್ರಿಯವರೆಗೆ ತಿದ್ದುವುದರಿಂದ ಮರುದಿನದ ಪಾಠವು ಕೆಡುತ್ತದೆ. ಎರಡನೆಯದು, ದೂರದ ಗುರಿಯನ್ನು ಹತ್ತಿರದ ಗುರಿಗಳಾಗಿ ಒಡೆಯುವುದು. ಮೊಸ್ಸೋನ ಇನ್ನೊಂದು ಪ್ರಯೋಗವು ಇಲ್ಲಿ ಧೈರ್ಯ ಕೊಡುತ್ತದೆ: ಇಚ್ಛೆಯಿಂದ ಇನ್ನು ಎಳೆಯಲಾರೆನೆಂದು ಬೆರಳು ನಿಂತ ಮೇಲೂ, ಸ್ನಾಯುವಿಗೆ ವಿದ್ಯುತ್ತನ್ನು ಹಾಯಿಸಿದರೆ ಅದು ಮತ್ತೆ ತೂಕವನ್ನೆತ್ತುತ್ತಿತ್ತು. ಸೋತೆನೆಂದು ಮನಸ್ಸು ಹೇಳಿದಾಗಲೂ ಒಳಗೆ ಸ್ವಲ್ಪ ಉಳಿದೇ ಇರುತ್ತದೆ.

ನನ್ನ ಮಟ್ಟಿಗೆ ಆ ವಿದ್ಯುತ್ತನ್ನು ಹಾಯಿಸಿದವನು ಆ ಹುಡುಗನೇ. ಮರುದಿನ ತರಗತಿಗೆ ಹೋದೊಡನೆ, “ನಿನ್ನೆ ನೀನು ಕೇಳಿದುದು ಒಳ್ಳೆಯ ಪ್ರಶ್ನೆ, ನಾನು ಕೊಟ್ಟುದು ಕೆಟ್ಟ ಉತ್ತರ” ಎಂದು ಹೇಳಿ, ಒಂದು ಬಕೆಟ್ಟು ನೀರನ್ನು ತರಿಸಿ, ಅವನ ಕೈಗೇ ಕೊಟ್ಟು ನಿಲ್ಲಿಸಿ ಪಾಠವನ್ನು ಆರಂಭಿಸಿದೆ. ಎರಡು ನಿಮಿಷಗಳಲ್ಲಿ ಅವನ ತೋಳು ನಡುಗತೊಡಗಿತು, ತರಗತಿಯೆಲ್ಲ ನಕ್ಕಿತು. ಗಂಟೆ ಬಾರಿಸುವ ಮೊದಲು ಇನ್ನೂ ನಾಲ್ಕು ಪ್ರಶ್ನೆಗಳು ಬಂದುವು. ಅಂದು ಕೂಡ ಆ ಪಾಠವನ್ನು ಮೂರು ಸಲ ಹೇಳಿದೆ. ಆದರೆ ಸಂಜೆ ಹಿಂದಿನ ದಿನದಷ್ಟು ದಣಿದಿರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ವರ್ಷದ ಕೊನೆಯಲ್ಲಿ ನಿಮ್ಮ ಉಪಾಧ್ಯಾಯರ ದನಿ ಕುಗ್ಗಿದ್ದರೆ ಅವರಿಗೆ ನಿಮ್ಮಲ್ಲಿ ಆಸಕ್ತಿಯಿಲ್ಲವೆಂದು ಭಾವಿಸಬೇಡಿ. ಅವರು ತುಂಬಿದ ಕೊಡವನ್ನು ಬಹಳ ಹೊತ್ತಿನಿಂದ ಹಿಡಿದು ನಿಂತಿರುವರು. ಒಂದು ಒಳ್ಳೆಯ ಪ್ರಶ್ನೆಯನ್ನು ಕೇಳಿ ನೋಡಿ.