ಮೇಜಿನ ಮೇಲಿನ ಚತುರಂಗಬಲ

ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳುಳ್ಳ ಸೈನ್ಯಕ್ಕೆ ನಮ್ಮ ಹಿಂದಿನವರು ಚತುರಂಗಬಲವೆಂದು ಹೆಸರಿಟ್ಟರು. ಆ ಸೈನ್ಯವನ್ನೇ ಕಿರಿದುಮಾಡಿ ಹಾಸಿನ ಮೇಲಿಟ್ಟು ಆಡುವ ಆಟಕ್ಕೂ ಅದೇ ಹೆಸರು ನಿಂತಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (ಆಳ್ವಿಕೆ 1126–1138) ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕ್ರೀಡೆಗಳನ್ನು ಹೇಳುವ ಭಾಗದಲ್ಲಿ ಚತುರಂಗಕ್ಕೂ ಸ್ಥಾನವುಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನು ಅರುವತ್ತುನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ನಡೆಯಿಸುವ ಬಂಧಗಳನ್ನು ರಚಿಸಿದರೆಂಬುದು ಪ್ರಸಿದ್ಧವಾಗಿಯೇ ಇದೆ. ಆದುದರಿಂದ ಪುಟ್ಟ ಸೈನ್ಯವನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳುವುದು ನಮಗೆ ಹೊಸತಲ್ಲ. ಹೊಸತು ಯಾವುದೆಂದರೆ, ಆ ಸೈನಿಕರನ್ನು ಕೈ, ಕಾಲು, ತಲೆ, ಈಟಿ ಎಂದು ಬಿಡಿಬಿಡಿಯಾಗಿ ಕೊಂಡುತಂದು, ಮನೆಯಲ್ಲಿ ಜೋಡಿಸಿ, ತಳಲೇಪ ಕೊಟ್ಟು, ಬಣ್ಣ ಬರೆದು, ಅನಂತರ ಆಟಕ್ಕಿಳಿಸುವ ಹವ್ಯಾಸ. ನಮ್ಮ ದಾವಣಗೆರೆಯಂಥ ಊರುಗಳಲ್ಲಿಯೂ ಈಗ ಹುಡುಗರು ಅಂಚೆಯ ಮೂಲಕ ಇಂಥ ಪೆಟ್ಟಿಗೆಗಳನ್ನು ತರಿಸಿಕೊಳ್ಳಬಹುದಾಗಿದೆ. “ಇದೆಂಥ ಮಕ್ಕಳಾಟ, ಎಷ್ಟು ಹಣ ದಂಡ!” ಎಂದು ಹಿರಿಯರು ಗೊಣಗುವುದೂ ಸಹಜವೇ. ಆ ಹಿರಿಯರಿಗೋಸ್ಕರವೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಯೂರೋಪಿನಲ್ಲಿ ಇದು ಮೊದಲು ಆಟವಾಗಿರದೆ ಶಿಕ್ಷಣವಾಗಿತ್ತು. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಎಂಬಾತನು 1824ರಲ್ಲಿ, ಅಧಿಕಾರಿಗಳ ಅಭ್ಯಾಸಕ್ಕಾಗಿ, ಭೂಪಟದ ಮೇಲೆ ನಡೆಸುವ ಯುದ್ಧಕ್ರೀಡೆಯ ನಿಯಮಗಳನ್ನು ಪ್ರಕಟಿಸಿದನು. 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ ಎಂಬ ಮನೆತನದವರು ಸೀಸದ ಬೊಂಬೆಗಳನ್ನು ಒಳಗೆ ಟೊಳ್ಳಾಗಿ ಎರಕಹೊಯ್ಯಲಾರಂಭಿಸಿದ ಮೇಲೆ ಬೆಲೆಯಿಳಿದು, ಅವು ಸಾಮಾನ್ಯರ ಮನೆಗಳನ್ನೂ ಹೊಕ್ಕವು. 1913ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸನು ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು ಇದನ್ನು ದೊಡ್ಡವರ ವಿನೋದವನ್ನಾಗಿ ಮಾಡಿದನು. ಈ ಆಟವನ್ನು ಮೂರು ನಾಲ್ಕು ಸಲ ಆಡಿದವನಿಗೆ ನಿಜವಾದ ಯುದ್ಧವು ಎಂಥ ಅವಿವೇಕದ ಕಾರ್ಯವೆಂಬುದು ಮನವರಿಕೆಯಾಗುವುದೆಂದು ಆತನ ಅಭಿಪ್ರಾಯ. ಮರುವರ್ಷವೇ ಮಹಾಯುದ್ಧವು ಆರಂಭವಾಯಿತೆಂಬುದು ಬೇರೆಯ ಮಾತು. 1983ರಲ್ಲಿ ಇಂಗ್ಲೆಂಡಿನಿಂದ ‘ವಾರ್‌ಹ್ಯಾಮರ್’ ಎಂಬ ಆಟ ಹೊರಟು, ರಾಕ್ಷಸರು, ಕುಬ್ಜರು, ಮಾಂತ್ರಿಕರು ಸಹ ಸೈನ್ಯದಲ್ಲಿ ಸೇರಿಕೊಂಡರು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಬೊಂಬೆಯ ಎತ್ತರ ಸುಮಾರು 28 ಮಿಲಿಮೀಟರು, ಎಂದರೆ ಒಂದಂಗುಲಕ್ಕಿಂತ ತುಸು ಹೆಚ್ಚು. ಅಳತೆಪಟ್ಟಿ ಹಿಡಿದು ನಡೆಯಿಸುವರು. ಜಯಾಪಜಯವನ್ನು ದಾಳ ಉರುಳಿಸಿ ನಿರ್ಣಯಿಸುವರು. ಆಟದ ವಿಷಯ ಇಷ್ಟು ಸಾಕು. ನನ್ನ ಮನಸ್ಸನ್ನು ಸೆಳೆದುದು ಆಟಕ್ಕೆ ಹಿಂದಿನ ಕೈಗೆಲಸ.

ಮೊದಲನೆಯದು ಜೋಡಣೆ. ಪ್ಲಾಸ್ಟಿಕ್ಕಿನ ಅಂಗಗಳು ಒಂದು ಚೌಕಟ್ಟಿಗೆ, ಬಳ್ಳಿಗೆ ಕಾಯಿ ಅಂಟಿದಂತೆ, ಅಂಟಿಕೊಂಡು ಬರುವುವು. ಅವುಗಳನ್ನು ತಿರುಚಿ ಕೀಳಬಾರದು. ಚೂಪಾದ ಕತ್ತರಿಯಿಂದ ಬಿಡಿಸಬೇಕು. ಅಚ್ಚಿನ ಎರಡು ಹೋಳುಗಳು ಕೂಡುವಲ್ಲಿ ಬೊಂಬೆಯ ಮೈಮೇಲೆ ಸಣ್ಣದೊಂದು ಏಣು ಉಳಿದಿರುತ್ತದೆ. ಹರಿಹರದ ದೇವಾಲಯದಲ್ಲಿ ಹರಿಯೂ ಹರನೂ ಒಂದೇ ಮೈಯಾಗಿ ನಿಂತಿದ್ದರೂ ನಡುವೆ ಬೆಸುಗೆಯ ಗುರುತು ಕಾಣದು; ನಮ್ಮ ಸೈನಿಕನಿಗೆ ಆ ಭಾಗ್ಯವಿಲ್ಲ. ಆ ಏಣನ್ನು ಅಲಗಿನ ಬೆನ್ನಿನಿಂದ ಕೆರೆದು, ಸಣ್ಣ ಅರದಿಂದ ಉಜ್ಜಿ ತೆಗೆಯಬೇಕು. ಬಣ್ಣ ಬಿದ್ದ ಮೇಲೆ ಮರೆಯಾದೀತೆಂದು ಬಿಟ್ಟರೆ ಅದು ಮೊದಲಿಗಿಂತ ಎದ್ದು ಕಾಣುವುದು. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾದುವು; ಆದರೆ ಅಲ್ಲಿ ಲೇತುಗಳ ನಡುವೆ ದುಡಿದ ಹಿರಿಯರಿಗೆ ಅರ ಹಿಡಿಯುವ ಕ್ರಮವನ್ನು ನನ್ನಂಥ ಪಾಠಶಾಲೆಯವನು ಹೇಳಿಕೊಡಬೇಕಾಗಿಲ್ಲ. ಮೊಮ್ಮಕ್ಕಳಿಗೆ ಅವರೇ ಕಲಿಸಲಿ.

ಅಂಟಿನಲ್ಲಿಯೂ ಭೇದವಿದೆ. ಪ್ಲಾಸ್ಟಿಕ್ಕಿಗೆ ಬಳಸುವ ದ್ರವವು ನಿಜವಾಗಿ ಅಂಟಲ್ಲ. ಅದು ಎರಡು ಮುಖಗಳನ್ನೂ ಕರಗಿಸಿ ಒಂದರೊಡನೊಂದನ್ನು ಬೆಸೆಯುತ್ತದೆ. ಲೋಹಕ್ಕೂ ರಾಳದ ಬೊಂಬೆಗೂ ಅದು ನಿಷ್ಪ್ರಯೋಜಕ. ಅವಕ್ಕೆ ಕ್ಷಣದಲ್ಲಿ ಹಿಡಿಯುವ ಅಂಟು ಬೇಕು. ಅದು ಬೆರಳುಗಳನ್ನೂ ಅಷ್ಟೇ ಬೇಗ ಹಿಡಿಯುವುದರಿಂದ ಚಿಕ್ಕ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ.

ಇನ್ನು ಎರಡನೆಯದೂ ಮುಖ್ಯವಾದುದೂ ಆದ ತಳಲೇಪ. ಬಣ್ಣದ ಅಂಗಡಿಯವರು ಪ್ರೈಮರ್ ಎನ್ನುವುದು ಇದನ್ನೇ. ಹುಡುಗರಿಗೆ ಬಣ್ಣದ ಆತುರ ಹೆಚ್ಚು; ತಳಲೇಪವನ್ನು ಬಿಟ್ಟು ನೇರವಾಗಿ ಕೆಂಪು ನೀಲಿಗಳಿಗೆ ಕೈಹಾಕುವರು. ಪ್ಲಾಸ್ಟಿಕ್ಕಿನ ಮೈ ನುಣುಪು, ನೀರನ್ನು ಹೀರದು. ಕೆಸುವಿನ ಎಲೆಯ ಮೇಲಿನ ಹನಿಯಂತೆ ಬಣ್ಣವು ಅಲ್ಲಲ್ಲಿ ಗುಂಡಾಗಿ ನಿಲ್ಲುವುದು. ಹೇಗೋ ಒಣಗಿದರೂ, ಹತ್ತು ಸಲ ಬೆರಳಲ್ಲಿ ಎತ್ತಿಟ್ಟರೆ ಮೂಗಿನ ತುದಿ, ಮೊಣಕೈ, ಈಟಿಯ ಮೊನೆಗಳಲ್ಲಿ ಸುಲಿದುಹೋಗುವುದು. ಎಂಟು ದಿನಗಳ ಶ್ರಮ ಒಂದು ಸಂಜೆಯಲ್ಲಿ ಹಾಳು. ತಳಲೇಪವಾದರೋ ಮೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ತಾನು ಕೊಂಚ ಒರಟಾಗಿದ್ದು, ಮೇಲಿನ ಬಣ್ಣಕ್ಕೆ ಊರಲು ನೆಲೆ ಕೊಡುತ್ತದೆ. ಕಾಣುವ ಬಣ್ಣದ ಬಾಳೆಲ್ಲ ಕಾಣದ ಈ ಪದರದ ಮೇಲೆ ನಿಂತಿದೆ.

ಇದು ಪಶ್ಚಿಮದವರಿಂದ ಕಲಿಯಬೇಕಾದ ವಿದ್ಯೆಯೇನೂ ಅಲ್ಲ. ಮೇಲೆ ಹೇಳಿದ ‘ಮಾನಸೋಲ್ಲಾಸ’ದಲ್ಲಿಯೇ ಚಿತ್ರವನ್ನು ಕುರಿತ ಭಾಗದಲ್ಲಿ ವಜ್ರಲೇಪವೆಂಬ ಅಂಟಿನ ವಿಧಾನವಿದೆ. ಎಮ್ಮೆಯ ಹಸಿಯ ತೊಗಲನ್ನು ಬೆಣ್ಣೆಯಂತೆ ಮೆತ್ತಗಾಗುವವರೆಗೆ ನೀರಿನಲ್ಲಿ ಬೇಯಿಸಿ, ಕಡ್ಡಿಗಳಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸುವುದು. ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ, ಬಿಳಿಯ ಮಣ್ಣನ್ನು ಕಲಸಿ, ಒಣಗಿದ ಗೋಡೆಗೆ ಮೂರು ಸಲ ಬಳಿಯುವುದು. ಆಮೇಲೆಯೇ ಚಿತ್ರದ ಮಾತು. ಕುಂಚಕ್ಕೆ ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕಟ್ಟಬೇಕೆಂಬ ಸೂಚನೆಯೂ ಅಲ್ಲಿದೆ. ಚಕ್ರವರ್ತಿಯ ಗ್ರಂಥದಲ್ಲಿ ಚಿತ್ರದ ಲಾವಣ್ಯಕ್ಕಿಂತ ಮೊದಲು ಅಂಟಿನ ಪಾಕಕ್ಕೆ ಇಷ್ಟು ಗಮನ ಸಂದಿರುವುದನ್ನು ಕಂಡಾಗ ನನಗೆ ಬಹಳ ಸಂತೋಷವಾಗುತ್ತದೆ.

ಗ್ರಂಥದಲ್ಲಿ ಮಾತ್ರವಲ್ಲ, ಇಂದಿನ ಕೈಯಲ್ಲಿಯೂ ಈ ವಿದ್ಯೆ ಉಳಿದಿದೆ. ನಮ್ಮಿಂದ ಉತ್ತರಕ್ಕೆ, ಕೊಪ್ಪಳಕ್ಕೆ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರೆಂಬ ಮನೆತನಗಳು ಹಗುರವಾದ ಮರದಲ್ಲಿ ಬೊಂಬೆಗಳನ್ನು ಮಾಡುತ್ತವೆ. ಅವರ ಗರುಡನಿಗೆ ಹನ್ನೆರಡು ಅಂಗಗಳು. ಪೀಠದ ಮೇಲೆ ಕುಳಿತ ಗಣಪತಿಗೆ ಇಪ್ಪತ್ತೆರಡು. ಪೆಟ್ಟಿಗೆಯಲ್ಲಿ ಬರುವ ವಿದೇಶದ ವೀರನಿಗೂ ಅಷ್ಟು ಅಂಗಗಳಿರುವುದು ಅಪರೂಪ. ಗೋಣಿಯ ಚಿಂದಿಯನ್ನು ನೆನೆಯಿಸಿ, ಕತ್ತರಿಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟನ್ನೂ ಹುಣಸೆಬೀಜದ ಸರಿಯನ್ನೂ ಕೂಡಿಸಿ ಅವರು ‘ಕಿಟ್ಟ’ ಎಂಬ ಲೇಪವನ್ನು ಮಾಡುವರು. ಅಂಗಗಳನ್ನು ಜೋಡಿಸಿದ ಮೇಲೆ ಮೈಗೆಲ್ಲ ಕಿಟ್ಟವನ್ನು ಬಳಿದು, ಅದರ ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಹುಣಸೆಯ ಅಂಟಿನಿಂದ ಅಂಟಿಸಿ, ಅದರ ಮೇಲೆ ಕಲ್ಲುಹರಳಿನ ನುಣುಪಾದ ಪುಡಿಯ ಲೇಪವನ್ನು ಕೊಡುವರು. ಬಣ್ಣ ಬೀಳುವುದು ಇಷ್ಟೆಲ್ಲ ಆದ ಮೇಲೆ. ಒಡವೆಗಳನ್ನು ಉಬ್ಬಾಗಿ ಕಾಣಿಸುವುದಕ್ಕೂ ಹರಳಿನ ಪುಡಿಯ ಲೇಪವೇ ಸಾಧನ. ಹಂಪೆಯ ವಿರೂಪಾಕ್ಷ ದೇವಾಲಯದ ಚಾವಣಿಯ ಚಿತ್ರಗಳನ್ನು ಬರೆದವರು ಈ ಮನೆತನಗಳ ಪೂರ್ವಿಕರೆಂದು ಹೇಳುತ್ತಾರೆ.

ಚನ್ನಪಟ್ಟಣದ ಕ್ರಮವೇ ಬೇರೆ: ಅಲ್ಲಿ ತಿರುಗುವ ಮರಕ್ಕೆ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿದಾಗ ಉಜ್ಜಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುವುದು, ಪ್ರತ್ಯೇಕವಾದ ತಳಲೇಪ ಬೇಕಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ನಮ್ಮ ಮನೆಗಳಲ್ಲಿ ಮಾಡುವ ಎತ್ತುಗಳಿಗೂ ಬೇಕಿಲ್ಲ, ಏಕೆಂದರೆ ಅವು ಬಾಳುವುದಕ್ಕಾಗಿ ಮಾಡಿದುವಲ್ಲ. ಬಾಳಬೇಕಾದ ಬೊಂಬೆಗೆ ಬೇಕು. ಪೆಟ್ಟಿಗೆಗಳಿಗೆ ಸಾವಿರಗಟ್ಟಲೆ ತೆರುವ ಗೃಹಸ್ಥರು ವರ್ಷಕ್ಕೊಂದಾದರೂ ಕಿನ್ನಾಳದ ಬೊಂಬೆಯನ್ನು ಕೊಂಡು ಮಕ್ಕಳ ಮುಂದಿಡಬೇಕೆಂದು ನನ್ನ ಬಲವಾದ ಅಭಿಪ್ರಾಯ. ಕೊಳ್ಳುವವರಿಲ್ಲದೆ ಆ ಮನೆಗಳ ಮಕ್ಕಳು ಬೇರೆ ಉದ್ಯೋಗವನ್ನು ಹಿಡಿದರೆ ಈ ಕಿಟ್ಟದ ಹದವನ್ನು ಆಮೇಲೆ ಯಾವ ಪುಸ್ತಕದಿಂದಲೂ ಕಲಿಯಲಾಗದು.

ಮನೆಯಲ್ಲಿ ತಳಲೇಪ ಕೊಡುವ ವಿಧಾನ ಹೀಗೆ. ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಬೊಂಬೆಯ ಮೇಲೆ ಉಳಿದಿರಬಹುದಾದುದರಿಂದ ಮೊದಲು ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಡಬ್ಬಿಯಿಂದ ಸಿಂಪಡಿಸುವ ಲೇಪವಾದರೆ ಡಬ್ಬಿಯನ್ನು ಒಂದೆರಡು ನಿಮಿಷ ಚೆನ್ನಾಗಿ ಕುಲುಕಿ, ಮುಕ್ಕಾಲು ಅಡಿಯಿಂದ ಒಂದಡಿ ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಬೀಸಿ ಬೀಸಿ ಸಿಂಪಡಿಸಬೇಕು. ಇದನ್ನು ಮಾಳಿಗೆಯ ಮೇಲೋ ಹಿತ್ತಿಲಲ್ಲೋ, ಮೂಗುಬಾಯಿಗಳನ್ನು ಮುಚ್ಚಿಕೊಂಡು ಮಾಡತಕ್ಕದ್ದು; ಒಲೆ, ದೀಪಗಳ ಬಳಿ ಸರ್ವಥಾ ಕೂಡದು, ಡಬ್ಬಿಯ ಅನಿಲವು ಹೊತ್ತಿಕೊಳ್ಳುವಂಥದು. ನಮ್ಮ ಕಡೆಯ ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ ಸಿಂಪಡಿಸಿದರೆ ಹನಿಯು ಬೊಂಬೆಯನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಮೈಯೆಲ್ಲ ಮರಳು ಮರಳಾಗುವುದು. ಬೆಳಗಿನ ತಂಪು ಹೊತ್ತೇ ಯೋಗ್ಯ. ಮಳೆಗಾಲದ ತೇವದಲ್ಲಿ ಡಬ್ಬಿಯನ್ನು ಬದಿಗಿಟ್ಟು ಕುಂಚದಿಂದ ಹಚ್ಚುವ ಲೇಪವನ್ನು ಬಳಸುವುದು ಕ್ಷೇಮ. ಉಳಿತಾಯಕ್ಕೆಂದು ಗೋಡೆಯ ಪ್ರೈಮರನ್ನು ಬಳಿಯುವವರಿದ್ದಾರೆ. ಅದು ದಪ್ಪವಾದುದರಿಂದ ಬೊಂಬೆಯ ಕಣ್ಣುಮೂಗುಗಳೇ ಮುಚ್ಚಿಹೋಗುವುವು. ತಳವು ಬಿಳಿಯಾಗಿದ್ದರೆ ಮೇಲಿನ ಬಣ್ಣ ಹೊಳೆಯುವುದು. ಕಪ್ಪಾಗಿದ್ದರೆ ತಗ್ಗುಗಳಲ್ಲಿ ನೆರಳು ತಾನಾಗಿ ಉಳಿಯುವುದು. ಬೂದು ಬಣ್ಣವು ಮೊದಲು ಕಲಿಯುವವರಿಗೆ ಅನುಕೂಲ. ಕಪ್ಪಿನ ಮೇಲೆ ನೆತ್ತಿಯ ಕಡೆಯಿಂದ ಮಾತ್ರ ಬಿಳಿಯನ್ನು ತೆಳುವಾಗಿ ಸಿಂಪಡಿಸಿದರೆ ನಡುಹಗಲ ಸೂರ್ಯನ ಬೆಳಕು ಬಿದ್ದಂತೆ ತೋರುವುದೆಂಬ ಜಾಣತನವೂ ಒಂದುಂಟು.

ಲೇಪವನ್ನು ಒಂದು ದಿನ ಒಣಗಬಿಟ್ಟರೆ ಮುಂದಿನ ಕೆಲಸ ಸುಲಭ. ಬಣ್ಣಗಳು ನೀರಿನಲ್ಲಿ ಕರಗುವ ಅಕ್ರಿಲಿಕ್ ಜಾತಿಯವು. ದಪ್ಪವಾದ ಒಂದು ಪದರಕ್ಕಿಂತ ತೆಳುವಾದ ಎರಡು ಮೇಲು. ಬಟ್ಟಲಿನಲ್ಲಿ ಒದ್ದೆಬಟ್ಟೆಯನ್ನು ಹಾಸಿ ಅದರ ಮೇಲೆ ಬೆಣ್ಣೆಕಾಗದವನ್ನಿಟ್ಟು ಬಣ್ಣವನ್ನು ಕಲಸಿದರೆ ಬಿಸಿಲುಗಾಲದಲ್ಲಿಯೂ ಬೇಗ ಒಣಗದು. ಬೆಣ್ಣೆದೋಸೆಯ ಊರಿನಲ್ಲಿ ಈ ಕಾಗದಕ್ಕೆ ಬರವುಂಟೆ? ಕಣ್ಣು ಬರೆಯಲು ಅತಿ ಸಣ್ಣ ಕುಂಚ ಬೇಕೆಂಬುದು ಭ್ರಮೆ. ಸಣ್ಣ ಕುಂಚದಲ್ಲಿ ಬಣ್ಣ ನಿಲ್ಲುವುದಿಲ್ಲ, ಬೊಂಬೆಯನ್ನು ಮುಟ್ಟುವಷ್ಟರಲ್ಲಿ ಒಣಗಿರುತ್ತದೆ. ಮೊನೆ ಕೂಡುವ ಸಾಧಾರಣ ಕುಂಚವೇ ಸಾಕು. ಕೊನೆಗೆ ತೆಳುವಾದ ಕಂದುನೀರನ್ನು ಹರಿಯಬಿಟ್ಟರೆ ಅದು ತಗ್ಗಿಗಿಳಿದು ಸೆರಗಿನ ನೆರಿಗೆ, ಗಡ್ಡದ ಎಳೆಗಳನ್ನು ಎತ್ತಿ ತೋರಿಸುವುದು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕಂಬಗಳ ಬಳಿ ಬೆಳಗಿನ ಹೊತ್ತು ನಿಂತು ನೋಡಿರಿ: ಅಲ್ಲಿ ಬಣ್ಣವೇ ಇಲ್ಲದೆ ಬರಿಯ ನೆರಳು ಇದೇ ಕೆಲಸವನ್ನು ಮಾಡುತ್ತದೆ.

ಯಾವ ಸೈನ್ಯವನ್ನು ಬರೆಯಬೇಕೆಂಬುದು ಅವರವರ ರುಚಿ. ಆದರೂ ನೆಪೋಲಿಯನ್ನನ ದಂಡನ್ನು ಬರೆಯುವ ನಮ್ಮ ಹುಡುಗನಿಗೆ ತನ್ನ ಊರಿನ ಕಥೆ ತಿಳಿಯದಿದ್ದರೆ ಅದು ಕೊರತೆಯೇ. ಬೇತೂರಿಗೆ ಸೇರಿದ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರಾಲಿಯು ಆಪೋಜಿ ರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ಕರೆತಂದು ನೆಲೆಗೊಳಿಸಿದುದರಿಂದ ಊರು ಬೆಳೆಯಿತು. ಹರಿಹರದ ಹೊರಗೆ 1865ರವರೆಗೂ ಸೈನ್ಯದ ಪಾಳೆಯವಿತ್ತು. 1868ರಲ್ಲಿ ತುಂಗಭದ್ರೆಗೆ ಹದಿನಾಲ್ಕು ಕಮಾನುಗಳ ಸೇತುವೆಯಾಯಿತು. ಚಿತ್ರದುರ್ಗವು 1779ರಲ್ಲಿ ಹೈದರನ ವಶವಾಯಿತು. ಆ ದುರ್ಗದ ಓಬವ್ವನ ಕಥೆಯನ್ನು ಕೇಳದವರು ನಮ್ಮಲ್ಲಿ ಯಾರು? ಅವಳ ಬೊಂಬೆಯನ್ನು ಪೆಟ್ಟಿಗೆಯಲ್ಲಿ ಹುಡುಕಬೇಕಾಗಿಲ್ಲ: ಸೀರೆಯುಟ್ಟ ಯಾವುದಾದರೂ ಪುಟ್ಟ ಬೊಂಬೆಯ ಕೈಗೆ ಹಲ್ಲುಕಡ್ಡಿಯ ತುಂಡನ್ನು ಒನಕೆಯಾಗಿ ಅಂಟಿಸಿ, ಬೆಂಡಿನ ತುಂಡುಗಳಲ್ಲಿ ಕೋಟೆಯ ಕಿಂಡಿಯನ್ನು ಕಟ್ಟಿ, ನೆಲಕ್ಕೆ ತೊಳೆದು ಒಣಗಿಸಿ ಜರಡಿ ಹಿಡಿದ ಹೊಳೆಯ ಮರಳನ್ನು ಅಂಟಿಸಿದರೆ ಆಯಿತು. ಅಡಕೆಸಿಪ್ಪೆಯ ನಾರು ಒಣಹುಲ್ಲಿನಂತೆ ಚೆನ್ನಾಗಿ ಕಾಣುತ್ತದೆ.

ಎರಡು ಎಚ್ಚರಿಕೆಗಳನ್ನು ಹೇಳದೆ ಬಿಡಲಾಗದು. ಹಳೆಯ ಕಾಲದ ಲೋಹದ ಸೈನಿಕರು ಸೀಸದವರು. ಮಕ್ಕಳ ಬಾಯಿಗೆ ಹೋಗಕೂಡದು, ಅರದಿಂದ ಉಜ್ಜಿದ ಪುಡಿ ಮನೆಯಲ್ಲಿ ಹಾರಕೂಡದು, ಮುಟ್ಟಿದ ಕೈಯನ್ನು ತೊಳೆಯದೆ ಊಟಕ್ಕೆ ಕೂಡಬಾರದು. ಈಚೆಗೆ ಯಂತ್ರದಲ್ಲಿ ಅಚ್ಚಾಗುವ ರಾಳದ ಬೊಂಬೆಗಳ ದ್ರವವು ಪೂರ್ತಿ ಗಟ್ಟಿಯಾಗುವ ಮೊದಲು ಚರ್ಮಕ್ಕೆ ಕೆಟ್ಟದ್ದು, ಕೈಚೀಲವಿಲ್ಲದೆ ಮುಟ್ಟಬಾರದು.

ಬಣ್ಣವೆಲ್ಲ ಮುಗಿದ ಮೇಲೆ ಹೊಳಪಿಲ್ಲದ ವಾರ್ನಿಷನ್ನು ತೆಳುವಾಗಿ ಹಚ್ಚಬೇಕು. ಮಳೆಯ ದಿನ ಹಚ್ಚಿದರೆ ಮೇಲೆ ಬೂಷ್ಟಿನಂಥ ಬಿಳುಪು ಕೂಡುವುದುಂಟು. ಒಣಹವೆಯ ದಿನಕ್ಕಾಗಿ ಕಾಯುವುದು ಒಳ್ಳೆಯದು. ಆಟದಲ್ಲಿ ಎತ್ತುವಾಗ ಬೊಂಬೆಯನ್ನು ತಲೆ ಹಿಡಿದು ಎತ್ತದೆ ಪೀಠವನ್ನು ಹಿಡಿದು ಎತ್ತುವಂತೆ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಿರಿ.