ಬಿಸಿಯಾದಾಗ ಹಟ ಹಿಡಿಯುವ ಹಳೆಯ ಕಾರು: ಸೆಲ್ಫ್ ಮೋಟಾರ್ ಬದಲಿಸುವ ಮುನ್ನ

ವಾಹನ ಬಿಡಿಭಾಗಗಳ ವ್ಯಾಪಾರದಲ್ಲಿ ಮಾರಿದ ಸರಕು ಹಿಂದಿರುಗಿ ಬರುವುದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿಲ್ಲ. ಹಾಗೆ ಹಿಂದಿರುಗುವ ಸಾಮಾನುಗಳಲ್ಲಿ ಸ್ಟಾರ್ಟರ್, ಅಂದರೆ ರೂಢಿಯ ಮಾತಿನಲ್ಲಿ ಸೆಲ್ಫ್ ಮೋಟಾರ್, ಪ್ರಮುಖವಾದುದು. ಬೆಳಿಗ್ಗೆ ಒಂದೇ ಸಲಕ್ಕೆ ಚಾಲೂ ಆಗುವ ಹಳೆಯ ಕಾರು ಇಪ್ಪತ್ತು ಕಿಲೋಮೀಟರ್ ಓಡಿ, ಹತ್ತು ನಿಮಿಷ ನಿಂತ ಮೇಲೆ ಮತ್ತೆ ಚಾಲೂ ಆಗುವುದಿಲ್ಲ. ಮಾಲೀಕರು ಸೆಲ್ಫ್ ಕೆಟ್ಟಿತೆಂದು ಹೊಸದನ್ನು ಕೊಳ್ಳುತ್ತಾರೆ. ವಾರದೊಳಗೆ ಅದೇ ದೂರು ಮರುಕಳಿಸುತ್ತದೆ. ಮಾಲೀಕರಿಗೆ ಹಣ ನಷ್ಟ, ಮೆಕ್ಯಾನಿಕ್‌ಗೆ ಹೆಸರಿನ ನಷ್ಟ, ವರ್ತಕರಿಗೆ ಗಿರಾಕಿಯ ನಷ್ಟ. ದೋಷವನ್ನು ಗುರುತಿಸುವ ಮೊದಲೇ ಬಿಡಿಭಾಗವನ್ನು ಬದಲಿಸಿದ್ದೇ ಈ ಮೂರೂ ನಷ್ಟಗಳ ಮೂಲ.

ಎರಡು ಬಗೆಯ ದೋಷ

ಕೀಲಿ ತಿರುಗಿಸಿದಾಗ ಎಂಜಿನ್ ಚೆನ್ನಾಗಿ ಸುತ್ತಿಯೂ ಚಾಲೂ ಆಗದಿದ್ದರೆ ಸೆಲ್ಫ್ ಮೋಟಾರ್ ನಿರ್ದೋಷಿ. ಅಲ್ಲಿ ಇಂಧನ ಅಥವಾ ಇಗ್ನಿಷನ್ ವ್ಯವಸ್ಥೆಯನ್ನು ಪರೀಕ್ಷಿಸಬೇಕು. ಎಂಜಿನ್ ಸುತ್ತದೆ ಕೇವಲ 'ಟಕ್' ಎಂಬ ಸದ್ದು ಬಂದರೆ, ಇಲ್ಲವೇ ಬಹಳ ನಿಧಾನವಾಗಿ ಸುತ್ತಿದರೆ, ಆಗ ವಿದ್ಯುತ್ ವ್ಯವಸ್ಥೆಯ ಕಡೆ ಗಮನ ಹರಿಸಬೇಕು.

1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಿಡರ್ ಕಾರನ್ನೇ ಉದಾಹರಣೆಯಾಗಿ ನೋಡಬಹುದು. ಅದರ ಬ್ರಿಟಿಷ್ ಮೂಲದ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಮತ್ತು ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಒಂದೇ ಪಕ್ಕದಲ್ಲಿವೆ; ಸೆಲ್ಫ್ ಮೋಟಾರ್ ಎದುರು ಪಕ್ಕದಲ್ಲಿದೆ. ಎಂಜಿನ್ ನಿಂತೊಡನೆ ಫ್ಯಾನ್ ಗಾಳಿಯೂ ನೀರಿನ ಹರಿವೂ ನಿಲ್ಲುವುದರಿಂದ ಕೆಲವು ನಿಮಿಷಗಳ ಕಾಲ ಶಾಖ ಇಳಿಯುವ ಬದಲು ಏರುತ್ತದೆ. ಕಾರ್ಬ್ಯುರೇಟರಿನಲ್ಲಿರುವ ಪೆಟ್ರೋಲ್ ಕುದಿದು ಎಂಜಿನ್ನಿಗೆ ಅತಿಯಾಗಿ ಸೇರಬಹುದು, ಅಥವಾ ಕೊಳವೆಯಲ್ಲಿ ಆವಿಯಾಗಿ ಹರಿವನ್ನು ತಡೆಯಬಹುದು. ಇದಕ್ಕೆ ಶಾಖ ತಡೆಯುವ ತಗಡು, ಕಾರ್ಬ್ಯುರೇಟರಿನ ಅಡಿಯಲ್ಲಿ ಶಾಖನಿರೋಧಕ ಪಟ್ಟಿ ಮತ್ತು ಕೊಳವೆಯ ಮಾರ್ಗ ಬದಲಾವಣೆ ಪರಿಹಾರವೇ ಹೊರತು ಹೊಸ ಸೆಲ್ಫ್ ಅಲ್ಲ. ಎಥನಾಲ್ ಬೆರೆತ ಪೆಟ್ರೋಲಿಗೆಂದು ತಯಾರಾಗದ ಹಳೆಯ ರಬ್ಬರ್ ಕೊಳವೆಗಳನ್ನೂ ಇದೇ ಸಂದರ್ಭದಲ್ಲಿ ಬದಲಿಸುವುದು ಒಳಿತು.

1955ರ ನಂತರದ ವಿ-8 ಎಂಜಿನ್ನಿನ ಷೆವ್ರೊಲೆ ಕಾರುಗಳ ಸ್ಥಿತಿ ಬೇರೆ. ಅವುಗಳಲ್ಲಿ ಸ್ಟಾರ್ಟರ್ ಮತ್ತು ಅದರ ಮೇಲಿರುವ ಸಾಲಿನಾಯ್ಡ್ ಸ್ವಿಚ್ ಬಿಸಿ ಕೊಳವೆಗಳ ಸಮೀಪದಲ್ಲಿರುವುದರಿಂದ ಶಾಖದ ಹೊಡೆತ ನೇರವಾಗಿ ಬೀಳುತ್ತದೆ.

ಶಾಖದ ಲೆಕ್ಕಾಚಾರ

ತಾಮ್ರದ ವಿದ್ಯುತ್ ನಿರೋಧವು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.39ರಷ್ಟು ಹೆಚ್ಚುತ್ತದೆ. ಸಾಲಿನಾಯ್ಡ್ ಸುರುಳಿಯ ಉಷ್ಣತೆ 25ರಿಂದ 95 ಡಿಗ್ರಿಗೆ ಏರಿದರೆ ನಿರೋಧ ಶೇ. 27ರಷ್ಟು ಹೆಚ್ಚಿ, ಅದರಲ್ಲಿ ಹರಿಯುವ ವಿದ್ಯುತ್ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಕುಗ್ಗುತ್ತದೆ. ಒಳ್ಳೆಯ ವೈರಿಂಗ್ ಇರುವ ಕಾರು ಈ ಕೊರತೆಯನ್ನು ತಾಳಿಕೊಳ್ಳುತ್ತದೆ. ತುಕ್ಕು ಹಿಡಿದ ಜೋಡಣೆಗಳಿರುವ ಕಾರು ತಾಳಲಾರದು. ಶಾಖವು ಹೊಸ ದೋಷವನ್ನು ಹುಟ್ಟಿಸುವುದಕ್ಕಿಂತ, ಮೊದಲೇ ಇದ್ದ ದೋಷವನ್ನು ಬಯಲಿಗೆಳೆಯುವುದೇ ಹೆಚ್ಚು.

ನಾಲ್ಕು ಸಿಲಿಂಡರ್ ಎಂಜಿನ್ ಸುತ್ತಲು 150 ಆಂಪಿಯರ್ ವಿದ್ಯುತ್ ಬೇಕೆಂದಿಟ್ಟುಕೊಳ್ಳೋಣ. ಕೇಬಲ್ ಜೋಡಣೆಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ನಿರೋಧವಿದ್ದರೂ ಒಂದೂವರೆ ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಲೆಕ್ಕಪತ್ರದಲ್ಲಿ ಸಣ್ಣ ಸೋರಿಕೆ ದೊಡ್ಡ ಕೊರತೆಯಾಗುವ ರೀತಿಯೂ ಇದೇ ಅಲ್ಲವೇ?

ಅಳತೆಯೇ ಸಾಕ್ಷಿ

ಪರೀಕ್ಷೆಗೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಆದರೆ ತೊಂದರೆ ಕಾಣುವ ಬಿಸಿ ಸ್ಥಿತಿಯಲ್ಲಿಯೇ ಅಳೆಯಬೇಕು. ಎಂಜಿನ್ ಚಾಲೂ ಆಗದಂತೆ ಇಗ್ನಿಷನ್ ಕಾಯಿಲ್‌ನ ವೈರನ್ನು ಬಿಡಿಸಿರಬೇಕು.

1. ಪೂರ್ಣ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಸುತ್ತುವಾಗ ಅದು 9.6ಕ್ಕಿಂತ ಕೆಳಗಿಳಿಯಬಾರದು.

2. ಎಂಜಿನ್ ಸುತ್ತುವಾಗ ಬ್ಯಾಟರಿಗೂ ಸೆಲ್ಫ್‌ನ ದಪ್ಪ ಟರ್ಮಿನಲ್‌ಗೂ ನಡುವಿನ ನಷ್ಟ ಅರ್ಧ ವೋಲ್ಟ್ ಮೀರಬಾರದು.

3. ಅರ್ಥ್ ಬದಿಯಲ್ಲಿ, ಬ್ಯಾಟರಿಗೂ ಸೆಲ್ಫ್‌ನ ಮೈಗೂ ನಡುವೆ, ಇದೇ ಮಿತಿ ಅನ್ವಯಿಸುತ್ತದೆ. ಎಂಜಿನ್ ರಬ್ಬರ್ ದಿಂಡುಗಳ ಮೇಲೆ ಕುಳಿತಿರುವುದರಿಂದ ವಿದ್ಯುತ್ ಮರಳಲು ಅರ್ಥ್ ಪಟ್ಟಿಯೇ ದಾರಿ. ಹೊಸದಾಗಿ ಬಣ್ಣ ಬಳಿದ ಕಾರಿನಲ್ಲಿ ಬಣ್ಣದ ಮೇಲೆಯೇ ಅರ್ಥ್ ಬೋಲ್ಟ್ ಬಿಗಿದಿರುವುದು ಸಾಮಾನ್ಯ. ಅಲ್ಲಿ ಲೋಹ ಕಾಣುವಂತೆ ಉಜ್ಜಬೇಕು.

4. ಸಾಲಿನಾಯ್ಡ್‌ನ ಸಣ್ಣ ಟರ್ಮಿನಲ್‌ಗೆ ಬರುವ ವೋಲ್ಟೇಜ್ ಬ್ಯಾಟರಿಗಿಂತ ಬಹಳ ಕಡಿಮೆಯಿದ್ದರೆ ಕೀಲಿ ಸ್ವಿಚ್ ಅಥವಾ ಸಣ್ಣ ವೈರ್ ದೋಷಿ. ಸಾಲಿನಾಯ್ಡ್‌ಗೆ ತಕ್ಕ ಸಾಮರ್ಥ್ಯದ ಒಂದು ರಿಲೇ ಅಳವಡಿಸಿದರೆ ಪರಿಹಾರ ದೊರೆಯುತ್ತದೆ.

ಇವೆಲ್ಲ ಸರಿಯಿದ್ದೂ ಎಂಜಿನ್ ನಿಧಾನವಾಗಿ ಸುತ್ತಿದರೆ, ಟೈಮಿಂಗ್ ಅತಿಯಾಗಿ ಮುಂದಿದೆಯೇ ಮತ್ತು ಎಂಜಿನ್ ಬಿಗಿಯಾಗಿದೆಯೇ ಎಂದು ನೋಡಬೇಕು. ಅಲ್ಲಿಯೂ ದೋಷವಿಲ್ಲದಿದ್ದರೆ ಮಾತ್ರ ಸೆಲ್ಫ್ ಮೋಟಾರನ್ನು ಬಿಚ್ಚಬೇಕು.

ದುರಸ್ತಿಯೋ, ಬದಲಾವಣೆಯೋ?

ಸವೆದ ಕಾರ್ಬನ್ ಬ್ರಷ್ ಮತ್ತು ಬುಷ್‌ಗಳನ್ನು ಬದಲಿಸಿ, ಕಮ್ಯುಟೇಟರನ್ನು ಲೇತ್‌ನಲ್ಲಿ ನಯಗೊಳಿಸಿದರೆ ಹಳೆಯ ಸ್ಟಾರ್ಟರ್ ಅನೇಕ ವೇಳೆ ಮರುಜೀವ ಪಡೆಯುತ್ತದೆ. ಆರ್ಮೆಚೂರ್ ಸುಟ್ಟಿದ್ದರೆ ರೀವೈಂಡಿಂಗ್ ವೆಚ್ಚವನ್ನು ಹೊಸದರ ಬೆಲೆಯೊಂದಿಗೆ ತೂಗಿ ನೋಡಬೇಕು. ಬೆಂಡಿಕ್ಸ್ ಪದ್ಧತಿಯ ಪಿನಿಯನ್ನಿಗೆ ಎಣ್ಣೆ ಹಚ್ಚಬಾರದು; ಧೂಳು ಅಂಟಿ ಸಿಕ್ಕಿಹಾಕಿಕೊಳ್ಳುತ್ತದೆ.

ಬದಲಿಸುವಾಗ ಮೊದಲು ಬ್ಯಾಟರಿಯ ಸಂಪರ್ಕ ತೆಗೆಯಬೇಕು. ಪಿನಿಯನ್ನಿನ ಹಲ್ಲುಗಳ ಸಂಖ್ಯೆ, ಸುತ್ತುವ ದಿಕ್ಕು, ಬೋಲ್ಟ್ ರಂಧ್ರಗಳ ಅಂತರ ಇವು ಹಳೆಯದಕ್ಕೆ ಹೊಂದಬೇಕು. ಫ್ಲೈವೀಲ್ ರಿಂಗ್‌ನ ಹಲ್ಲುಗಳು ಸವೆದಿದ್ದರೆ ಹೊಸ ಸ್ಟಾರ್ಟರ್ ಕೂಡ ಬೇಗ ಹಾಳಾಗುತ್ತದೆ. ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. 1960ರ ದಶಕದವರೆಗಿನ ಅನೇಕ ಬ್ರಿಟಿಷ್ ಮೂಲದ ಕಾರುಗಳಲ್ಲಿ ಬ್ಯಾಟರಿಯ ಧನ ಧ್ರುವವೇ ಅರ್ಥ್. ಫೀಲ್ಡ್ ಕಾಯಿಲ್ ಇರುವ ಹಳೆಯ ಸ್ಟಾರ್ಟರಿಗೆ ಧ್ರುವ ಯಾವುದಾದರೂ ತಿರುಗುವ ದಿಕ್ಕು ಒಂದೇ. ಶಾಶ್ವತ ಅಯಸ್ಕಾಂತವುಳ್ಳ ಆಧುನಿಕ ಗೇರ್ ಸ್ಟಾರ್ಟರ್ ಅಂತಹ ಕಾರಿನಲ್ಲಿ ಹಿಮ್ಮುಖವಾಗಿ ತಿರುಗುತ್ತದೆ. ಇದನ್ನು ತಿಳಿಯದೆ ಮಾರಿದ ಸರಕು ಅಂಗಡಿಗೆ ಹಿಂದಿರುಗುವುದು ಖಚಿತ.

ವರ್ತಕರು ಗಮನಿಸಬೇಕಾದ ಅಂಶಗಳು

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಏಕರೂಪವಾಗಿ ಶೇ. 18 ಜಿಎಸ್‌ಟಿ ನಿಗದಿಯಾಯಿತು. ಹಳೆಯ ಸ್ಟಾರ್ಟರನ್ನು ವಿನಿಮಯವಾಗಿ ಪಡೆದು ಹೊಸದನ್ನು ಮಾರುವವರು ಮೌಲ್ಯ ನಿರ್ಧಾರದಲ್ಲಿ ಎಚ್ಚರ ವಹಿಸಬೇಕು. ಉದಾಹರಣೆಗೆ, ವಿನಿಮಯವಿಲ್ಲದೆ ರೂ. 6,000ಕ್ಕೆ ಮಾರುವ ಸ್ಟಾರ್ಟರನ್ನು ಹಳೆಯದರೊಂದಿಗೆ ರೂ. 5,000ಕ್ಕೆ ಕೊಟ್ಟರೆ ತೆರಿಗೆಯನ್ನು ಮುಕ್ತ ಮಾರುಕಟ್ಟೆ ಮೌಲ್ಯವಾದ ರೂ. 6,000ರ ಮೇಲೆ ಲೆಕ್ಕ ಹಾಕಬೇಕು. ಪಡೆದ ಹಳೆಯ ಸ್ಟಾರ್ಟರನ್ನು ದಾಸ್ತಾನು ಪುಸ್ತಕದಲ್ಲಿ ನಮೂದಿಸಬೇಕು.

ಆದರೆ 50 ವರ್ಷ ಮೀರಿದ ಕಾರುಗಳ ವಿಷಯದಲ್ಲಿ ವಿನಿಮಯಕ್ಕೆ ಒತ್ತಾಯಿಸದಿರುವುದೇ ಲೇಸು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ಮೂಲ ಸ್ವರೂಪ ಉಳಿಸಿಕೊಂಡ ಇಂತಹ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮಗಳನ್ನು ಪ್ರಕಟಿಸಿತು. ಸಂಗ್ರಾಹಕರು ಮೂಲ ಬಿಡಿಭಾಗಗಳಿಗೆ ಬೆಲೆ ಕೊಡುವುದರಿಂದ ಹಳೆಯದನ್ನು ಮಾಲೀಕರಿಗೇ ಹಿಂದಿರುಗಿಸುವುದು ಸೂಕ್ತ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಾಲ್ಲೂಕು ಕೇಂದ್ರದ ಸಣ್ಣ ಅಂಗಡಿಯವರೆಗೆ ಎಲ್ಲ ವರ್ತಕರೂ ಪಾಲಿಸಬಹುದಾದ ಕ್ರಮವೊಂದಿದೆ. ಸ್ಟಾರ್ಟರ್ ಮಾರುವ ಮುನ್ನ ಮೇಲಿನ ನಾಲ್ಕು ಅಳತೆಗಳನ್ನು ಮೆಕ್ಯಾನಿಕ್‌ನಿಂದ ಬರೆಸಿಕೊಂಡು ಬಿಲ್ಲಿನ ಪ್ರತಿಗೆ ಲಗತ್ತಿಸಬೇಕು. ಗ್ಯಾರಂಟಿಯ ತಕರಾರು ಬಂದಾಗ ಅದೇ ಆಧಾರವಾಗುತ್ತದೆ. ರೀವೈಂಡಿಂಗ್ ಕಾರ್ಯಾಗಾರಗಳು ಪರೀಕ್ಷೆಗೆಂದೇ ಪ್ರತ್ಯೇಕ ಶುಲ್ಕ ನಿಗದಿಪಡಿಸಿದರೆ ಬಿಡಿಭಾಗ ಮಾರದೆಯೂ ನ್ಯಾಯವಾದ ಆದಾಯ ಲಭಿಸುತ್ತದೆ. ಅರ್ಥ್ ಪಟ್ಟಿಯೊಂದರಿಂದ ಮುಗಿಯುವ ಕೆಲಸಕ್ಕೆ ಹೊಸ ಸ್ಟಾರ್ಟರ್ ಮಾರಿದವರು ಒಂದು ಸಲ ಲಾಭ ಗಳಿಸುತ್ತಾರೆ. ಪಟ್ಟಿಯನ್ನೇ ಮಾರಿದವರ ಬಳಿಗೆ ಆ ಗಿರಾಕಿ ಪ್ರತಿಸಲವೂ ಬರುತ್ತಾನೆ.